ರಾತ್ರಿ ಹತ್ತಾದ ಮೇಲೆ ಮಗನ ಮೊಬೈಲ್‌ಗೆ ವೈಫೈ ನಿಲ್ಲಿಸುವುದು ಹೇಗೆ?

ಕಲಬುರಗಿಯ ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ, ಮಗ ಮಾತ್ರ ಚಾದರದೊಳಗೆ ರಾತ್ರಿ ಒಂದು ಗಂಟೆವರೆಗೆ ವಿಡಿಯೋ ನೋಡುತ್ತಿದ್ದ. ಬೈದು ಸಾಕಾಯಿತು. ಕೊನೆಗೆ ರೌಟರ್‌ನಲ್ಲೇ ಟೈಮ್ ಹಾಕಿದೆ.

ಮನೆ ವೈಫೈಗೆ ಸೇರಿದ ಮೊಬೈಲ್‌ನ ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಅಂತ ಹೊಡೆಯಿರಿ. ಸರಿಯಾದ ನಂಬರ್, ಒಳಗೆ ಹೋಗಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರ್ ಕೆಳಗಿನ ಚೀಟಿಯಲ್ಲೇ ಇರುತ್ತವೆ. ಪೇರೆಂಟಲ್ ಕಂಟ್ರೋಲ್ ಅಥವಾ ಆಕ್ಸೆಸ್ ಕಂಟ್ರೋಲ್ ಮೆನು ಹುಡುಕಿ, ಮಗನ ಮೊಬೈಲ್ ಆರಿಸಿ, ದಿನ ಮತ್ತು ಸಮಯ ಹಾಕಿ ಸೇವ್ ಮಾಡಿ. ಕೆಲವು ರೌಟರ್‌ಗಳು ಮಧ್ಯರಾತ್ರಿ ದಾಟುವ ಸಮಯ ಒಪ್ಪುವುದಿಲ್ಲ, ಆಗ 22:00ರಿಂದ 23:59 ಒಂದು, 00:00ರಿಂದ 06:00 ಇನ್ನೊಂದು ಅಂತ ಎರಡು ನಿಯಮ ಮಾಡಿ.

ನಾನು ಎಡವಿದ್ದು ಗಡಿಯಾರದಲ್ಲಿ. ರೌಟರ್‌ನ ಟೈಮ್ ಝೋನ್ ಜಿಎಂಟಿ +5:30, ಅಂದರೆ ಭಾರತದ ಸಮಯ, ಇರಲೇಬೇಕು, ಬರೀ ಜಿಎಂಟಿ ಇದ್ದರೆ ಹತ್ತಕ್ಕೆ ನಿಲ್ಲಬೇಕಾದ ನೆಟ್ ಬೆಳಗಿನ ಜಾವ ಮೂರೂವರೆಗೆ ನಿಲ್ಲುತ್ತದೆ! ಕರೆಂಟ್ ಹೋಗಿ ಬಂದಾಗಲೂ ಗಡಿಯಾರ ತಪ್ಪಬಹುದು, ಅದಕ್ಕೇ ಇಂಟರ್ನೆಟ್‌ನಿಂದ ಸಮಯ ತೆಗೆದುಕೊಳ್ಳುವ ಎನ್‌ಟಿಪಿ ಆನ್ ಮಾಡಿಡಿ.

ಇನ್ನೊಂದು. ರೌಟರ್ ಮೊಬೈಲನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ಮೊಬೈಲ್‌ನ ವೈಫೈಗೆ ಇರುವ ಗುರುತಿನ ಸಂಖ್ಯೆಯಿಂದ. ಈಗಿನ ಮೊಬೈಲ್‌ಗಳು ಅದನ್ನು ಬದಲಿಸಿ ತೋರಿಸಬಲ್ಲವು, ಹಾಗಾಗಿ ಮಗನ ಮೊಬೈಲ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಮನೆ ನೆಟ್‌ವರ್ಕ್‌ಗೆ ಮಾತ್ರ ರ‍್ಯಾಂಡಮ್ ಮ್ಯಾಕ್ ಆಫ್ ಮಾಡಿ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ, ಚೀಟಿ ಓದಲು ಮಕ್ಕಳಿಗೂ ಬರುತ್ತದೆ ಅಲ್ವಾ. ಸಿಮ್ ಡೇಟಾಗೆ ಇದ್ಯಾವುದೂ ತಾಗುವುದಿಲ್ಲ, ಅದನ್ನು ಮಗನ ಜೊತೆ ಕೂತು ಮಾತಾಡಿಯೇ ಬಗೆಹರಿಸಿಕೊಂಡೆವು.