ಹಿಮದೊಳಗಿನ ಸಕ್ಕರೆ

ಶಿರಸಿಯ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ಬೆಳೆದವನು ನಾನು. 2024ರ ಫೆಬ್ರವರಿಯಲ್ಲಿ ಮನಾಲಿಯ ಸೋಲಂಗ್ ಕಡೆ ಹಿಮದ ತರಬೇತಿಗೆ ಹೋದಾಗ, ಮೊದಲ ದಿನವೇ ಸಲಿಕೆ ಕೊಟ್ಟು ಗುಂಡಿ ತೋಡಿ ಎಂದರು. ಸಮಾಧಾನವಾಯ್ತು. ಗೊತ್ತಿದ್ದ ಕೆಲಸ ಅಲ್ವಾ?

ನಾವು ಹತ್ತಬೇಕಿದ್ದ ಇಳಿಜಾರಿನ ದಿಕ್ಕಿಗೇ ಇರುವ, ಆದರೆ ಮೇಲಿಂದ ಏನೂ ಬಂದು ಬೀಳದ ಸಣ್ಣ ಜಾಗ ಆರಿಸಿದೆವು. ನೆಲ ಸಿಗುವವರೆಗೂ ತೋಡಿ ಗೋಡೆ ಸವರಿದೆವು. ಪದರಗಳು ಕಂಡವು. ಮೇಲಿನ ಹೊಸ ಹಿಮದೊಳಗೆ ಮುಷ್ಟಿಯೇ ಹೋಯ್ತು. ಅದರ ಕೆಳಗೆ ಗಾಳಿ ತಂದು ಒತ್ತಿದ ಹಲಗೆಯಂಥ ಪದರ, ಬೆರಳು ತೂರಿಸುವುದೂ ಕಷ್ಟ. ನೆಲದ ಹತ್ತಿರದ್ದು ಮಾತ್ರ ಬೇರೆ. ಅಂಗೈಗೆ ತಗೊಂಡರೆ ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯ್ತು. ಎಷ್ಟು ಒತ್ತಿದರೂ ಉಂಡೆ ಕಟ್ಟಲಿಲ್ಲ.

ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ ಹೀಗಾಗುತ್ತದೆ. ನೆಲ ಸೊನ್ನೆ ಡಿಗ್ರಿ ಹತ್ತಿರ, ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಆವಿ ಮೇಲೇರುತ್ತಾ ಹರಳುಗಳು ದಪ್ಪವಾಗುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಭಾರದ ಹಲಗೆ ಕೂತಿದೆ ಎಂದರೆ ಅಪಾಯ ತಯಾರಾಗಿದೆ ಎಂದೇ ಅರ್ಥ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರವೇ ಸಾಕಾಗಬಹುದು.

ಆಮೇಲೆ ಪದರಗಳು ಎಷ್ಟು ಗಟ್ಟಿಯಾಗಿ ಕೂತಿವೆ ಎಂದು ನೋಡಲು ಗುಂಡಿಯ ಗೋಡೆಯಲ್ಲಿ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಕಂಬ ಕಡಿದು ತಲೆ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ 10 ಸಲ. ಏನೂ ಆಗಲಿಲ್ಲ. ಮೊಣಕೈಯಿಂದ ತಟ್ಟತೊಡಗಿದೆ. ಮೂರನೇ ಏಟಿಗೆ ಇಡೀ ಹಲಗೆ ಡ್ರಾಯರ್ ಎಳೆದ ಹಾಗೆ ಜಾರಿ ನನ್ನ ಮಡಿಲಿಗೆ ಬಂತು. ಭುಜದಿಂದ ಹೊಡೆಯುವ 10 ಏಟು ಬಾಕಿಯೇ ಇತ್ತು.

ಯಾರೂ ಮಾತಾಡಲಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾದಲ್ಲಿ ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರೂ ನಮ್ಮಂತೆ ಕಲಿಯಲು ಹೋದವರೇ. ನಾವು ಆ ಇಳಿಜಾರು ಬಿಟ್ಟು ವಾಪಸ್ ಬಂದೆವು. ಹೂತವರ ಜಾಗ ತೋರಿಸುವ ರೇಡಿಯೋ ಸಾಧನ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಸಲಿಕೆ ಮೂರೂ ನಮ್ಮ ಹತ್ತಿರ ಇದ್ದವು. ಆದರೆ ಹೂತವರನ್ನು 15 ನಿಮಿಷದೊಳಗೆ ಹೊರಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಬೇಗ ಕಮ್ಮಿಯಾಗುತ್ತದೆ. ಸಲಕರಣೆ ಇದೆ ಅಂತ ಹತ್ತುವುದು ನನಗೆ ಸರಿ ಕಾಣಲಿಲ್ಲ.

ಅದೇ 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು. ಸುದ್ದಿ ಕೇಳಿದವನೇ ಕೊಡೆ ಹಿಡಿದು ನಮ್ಮ ಮನೆ ಹಿಂದಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಹತ್ತಿದೆ. ಮೇಲೆ ಚಿರೆಕಲ್ಲು, ಕೆಳಗೆ ನುಣ್ಣನೆಯ ಶೇಡಿ ಮಣ್ಣು. ಧರೆಯ ತಲೆಯಲ್ಲಿ ಕೈಬೆರಳು ಹೋಗುವಷ್ಟು ಬಿರುಕು, ಮಳೆ ನೀರು ಅದರೊಳಗೇ ಇಳಿಯುತ್ತಿತ್ತು. ಆ ಸಂಜೆಯೇ ಮೇಲ್ಗಡೆ ಕಾಲುವೆ ಕಡಿದು ನೀರು ಪಕ್ಕಕ್ಕೆ ತಿರುಗಿಸಿದೆ. ಆ ಬದಿಯ ಕೋಣೆಯಲ್ಲಿ ಮಲಗುತ್ತಿದ್ದ ಅಮ್ಮನ ಹಾಸಿಗೆಯನ್ನು ಜಗಲಿಗೆ ತಂದು ಹಾಕಿದೆ.