ವೋಲ್ಟೇಜ್ ಇಳಿಸಿ ಸ್ಪೀಡ್ ಏರಿಸಿದ್ದು: ಕಲಬುರಗಿ ಬಿಸಿಲಲ್ಲಿ 5800ಎಕ್ಸ್

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 41-42 ಡಿಗ್ರಿ ಮುಟ್ಟುತ್ತದೆ. ಎಸಿ ಇಲ್ಲದ ರೂಮಿನಲ್ಲಿ ಮಧ್ಯಾಹ್ನ 37 ಇದ್ದೇ ಇರುತ್ತದೆ. ಇಲ್ಲಿ ಕೂತು ಎಎಂಡಿಯ ರೈಜನ್ 7 5800ಎಕ್ಸ್ ಪ್ರೊಸೆಸರನ್ನು ಒಂದೇ ಟವರ್ ಇರುವ ಸಾದಾ ಕೂಲರ್ ಮೇಲೆ ಓವರ್‌ಕ್ಲಾಕ್ ಮಾಡುತ್ತೇನೆ (ಕಂಪನಿ ಇಟ್ಟದ್ದಕ್ಕಿಂತ ವೇಗವಾಗಿ ಓಡಿಸುತ್ತೇನೆ) ಎಂದಾಗ ಗೊತ್ತಿದ್ದವರೆಲ್ಲ ಬೇಡವೆಂದರು. 240 ಎಂಎಂ ಲಿಕ್ವಿಡ್ ಕೂಲರ್ ಇಲ್ಲದೆ ಆ ಚಿಪ್ಪನ್ನು ಮುಟ್ಟಲೇಬಾರದು ಎಂಬುದು ಅವರ ವಾದ. ವೋಲ್ಟೇಜ್ ಇಳಿಸಿದರೆ ಸ್ಪೀಡ್ ಏರುತ್ತದೆ ಎಂದದ್ದನ್ನಂತೂ ಯಾರೂ ನಂಬಲಿಲ್ಲ. ಈಗ ಎರಡನೇ ಬೇಸಿಗೆ ಮುಗಿದಿದೆ. ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್23 ಹತ್ತು ನಿಮಿಷ ಓಡಿಸಿದರೆ 79-80 ಡಿಗ್ರಿ, ಸ್ಕೋರ್ 15,100ರ ಆಸುಪಾಸು. ಸ್ಟಾಕ್ ಸೆಟ್ಟಿಂಗ್‌ನಲ್ಲಿ, ಅಂದರೆ ಕಂಪನಿ ಇಟ್ಟ ಹಾಗೆಯೇ, ಇದೇ ರೂಮು, ಇದೇ ಕೂಲರ್ ಇದ್ದಾಗ 90ಕ್ಕೆ ಮುಟ್ಟಿ ಕ್ಲಾಕ್ ಬೀಳುತ್ತಿತ್ತು, 14,700 ದಾಟುತ್ತಿರಲಿಲ್ಲ.

ಮೊದಲು ಕೈ ಸುಟ್ಟುಕೊಂಡದ್ದನ್ನು ಹೇಳಿಬಿಡುತ್ತೇನೆ. ಹಳೇ ಅಭ್ಯಾಸದಂತೆ ಎಲ್ಲ ಕೋರ್‌ಗಳನ್ನೂ ಒಂದೇ ವೇಗಕ್ಕೆ ಫಿಕ್ಸ್ ಮಾಡಿದೆ: ಮಲ್ಟಿಪ್ಲೈಯರ್ 47 (ಅಂದರೆ 4.7 ಗಿಗಾಹರ್ಟ್ಸ್), ವಿಕೋರ್ (ಕೋರ್ ವೋಲ್ಟೇಜ್) 1.35, ಎಲ್‌ಎಲ್‌ಸಿ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವುದು) ನಡುವಿನ ಹಂತ. ಚಿಪ್ಪನ್ನು ಪೂರ್ತಿ ದುಡಿಸುವ ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿ ಟೆಸ್ಟಿನಲ್ಲಿ ಎರಡು ನಿಮಿಷವೂ ನಿಲ್ಲಲಿಲ್ಲ. 46ಕ್ಕೆ ಇಳಿಸಿ 1.28 ಕೊಟ್ಟಾಗ ನಿಂತಿತು, ಆದರೆ ಶಾಖ 95 ದಾಟಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ಈ ಚಿಪ್ ತಾನಾಗಿ ಒಂದೆರಡು ಕೋರ್‌ನಲ್ಲಿ 4.85 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. 46ಕ್ಕೆ ಕಟ್ಟಿಹಾಕಿದರೆ ಆ 250 ಮೆಗಾಹರ್ಟ್ಸ್ ಕೈಬಿಟ್ಟ ಹಾಗೆ. ಗೇಮ್‌ಗಳಲ್ಲಿ ಫ್ರೇಮ್ ಇಳಿದದ್ದು ಕಣ್ಣಿಗೇ ಕಂಡಿತು. ಜೊತೆಗೆ ಮ್ಯಾನ್ಯುಯಲ್‌ನಲ್ಲಿ ಚಿಪ್ಪಿನ ಸ್ವಂತ ಪವರ್ ಮಿತಿಗಳು ಕೆಲಸ ಮಾಡುವುದಿಲ್ಲ, ಕಾವಲಿಲ್ಲದ ಮನೆಯ ಹಾಗೆ. ಸ್ಟಾಕ್‌ನಲ್ಲಿ 1.45 ವೋಲ್ಟ್ ಕಂಡರೆ ಹೆದರಬೇಡಿ, ಅದು ಹಗುರ ಲೋಡಿನಲ್ಲಿ, ಕರೆಂಟ್ ಕಡಿಮೆ ಇರುವಾಗ ಬರುವುದು. ಎಂಟೂ ಕೋರ್ ಪೂರ್ತಿ ದುಡಿಯುವಾಗ 1.4 ಫಿಕ್ಸ್ ಇಡುವುದು ಅದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು, ಚಿಪ್ ಸವೆಯುವುದೇ ಅಲ್ಲಿ.

ಎರಡನೇ ತಪ್ಪು ದುಡ್ಡಿನದು. ಎಲ್ಲರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ 240 ಎಂಎಂ ಲಿಕ್ವಿಡ್ ಕೂಲರ್ ತಂದೆ, ಸುಮಾರು ₹5,500. ಮೂರು ತಿಂಗಳಿಗೆ ಪಂಪ್ ಗರಗರ ಎನ್ನತೊಡಗಿತು, ಐದನೇ ತಿಂಗಳು ನಿಂತಿತು. ಅದು ಚೆನ್ನಾಗಿದ್ದಾಗಲೂ ಟವರ್‌ಗಿಂತ 5-6 ಡಿಗ್ರಿ ಮಾತ್ರ ಕಡಿಮೆ. 5800ಎಕ್ಸ್‌ನ ಎಂಟೂ ಕೋರ್ ಒಂದೇ ಪುಟ್ಟ ಡೈ ಮೇಲಿವೆ. ಶಾಖ ಆ ಚೂರು ಜಾಗದಿಂದ ಹೊರಗೆ ಬರುವುದೇ ಕಷ್ಟ, ಮುಂದೆ ರೇಡಿಯೇಟರ್ ಎಷ್ಟು ದೊಡ್ಡದಿದ್ದರೇನು. ಹುಟ್ಟುವ ಶಾಖವನ್ನೇ ಕಡಿಮೆ ಮಾಡಬೇಕು ಎಂದು ಆಗಲೇ ನಿರ್ಧರಿಸಿದೆ. ₹2,500ರ ಆಸುಪಾಸಿನ ಡೀಪ್‌ಕೂಲ್ ಎಕೆ400 ಮತ್ತೆ ಮೇಲೇರಿತು.

ಕೆಲಸ ಮಾಡಿದ್ದು ಪಿಬಿಓ (ಚಿಪ್ಪಿನ ಪವರ್ ಮಿತಿ, ಬೂಸ್ಟ್ ಬದಲಿಸುವ ಎಎಂಡಿಯ ಸೌಲಭ್ಯ) ಮತ್ತು ಕರ್ವ್ ಆಪ್ಟಿಮೈಜರ್ (ಒಂದೊಂದು ಕೋರ್‌ನ ವೋಲ್ಟೇಜನ್ನು ಬೇರೆಬೇರೆಯಾಗಿ ಇಳಿಸುವುದು). ಬಯಾಸ್‌ನಲ್ಲಿ ಪಿಬಿಓ ಅಡ್ವಾನ್ಸ್ಡ್, ಲಿಮಿಟ್ಸ್ ಮ್ಯಾನ್ಯುಯಲ್. ಸ್ಟಾಕ್ ಪಿಪಿಟಿ (ಒಟ್ಟು ಪವರ್ ಮಿತಿ) 142 ವ್ಯಾಟ್, ಟಿಡಿಸಿ (ಸತತ ಕರೆಂಟ್ ಮಿತಿ) 95 ಆಂಪಿಯರ್, ಇಡಿಸಿ (ಕ್ಷಣಿಕ ಕರೆಂಟ್ ಮಿತಿ) 140 ಆಂಪಿಯರ್. ನಾನು ಪಿಪಿಟಿಯನ್ನು 105ಕ್ಕೆ, ಟಿಡಿಸಿಯನ್ನು 75ಕ್ಕೆ ತಂದೆ. ಇಡಿಸಿ ಎಷ್ಟು ಎಂದು ಬರೆಯುವುದಿಲ್ಲ, ಆ ಅಂಕಿ ಸಿಕ್ಕಿದ್ದು ಮೂರು ವಾರದ ನಿದ್ದೆಗೆಟ್ಟ ಮೇಲೆ. ಇಷ್ಟನ್ನು ಹೇಳುತ್ತೇನೆ: ತೀರಾ ಇಳಿಸಿದರೆ ಸಿಂಗಲ್ ಕೋರ್ ಬೂಸ್ಟ್ ಸಾಯುತ್ತದೆ, ಐದೈದೇ ಇಳಿಸುತ್ತ ಸಿನಿಬೆಂಚ್ ಸಿಂಗಲ್ ನೋಡಿಕೊಳ್ಳಿ. ಬೂಸ್ಟ್ ಓವರ್‌ರೈಡ್ (ಗರಿಷ್ಠ ಕ್ಲಾಕಿಗೆ ಸೇರಿಸುವ ಮೆಗಾಹರ್ಟ್ಸ್) ಮೊದಲು ಸೊನ್ನೆ. ಅದನ್ನು ಮೊದಲೇ +200 ಇಟ್ಟು ಶುರು ಮಾಡಿದವರಿಗೆ ತಪ್ಪು ಎಲ್ಲಿದೆ ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಇನ್ನು ಕರ್ವ್. ನೆಗೆಟಿವ್‌ನಲ್ಲಿ ಒಂದು ಅಂಕಿ ಎಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ಮೊದಲ ದಿನ ಆಸೆಗೆ ಬಿದ್ದು ಎಲ್ಲ ಕೋರ್‌ಗೂ -30 ಕೊಟ್ಟೆ. ಸಿನಿಬೆಂಚ್ ಪಾಸ್, ಪ್ರೈಮ್95 ಒಂದು ಗಂಟೆ ಪಾಸ್. ರಾತ್ರಿ ಸುಮ್ಮನೆ ಬ್ರೌಸರ್ ತೆರೆದು ಬಿಟ್ಟಿದ್ದಾಗ ರೀಸ್ಟಾರ್ಟ್. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಆಲ್-ಕೋರ್ ಲೋಡಿನಲ್ಲಿ ಕ್ಲಾಕ್ 4.5ರಲ್ಲಿ ಇರುತ್ತದೆ, ಅಷ್ಟಕ್ಕೆ ಆ ವೋಲ್ಟೇಜ್ ಸಾಕು. ಒಂದೇ ಕೋರ್ 4.85ಕ್ಕೆ ಜಿಗಿಯುವ ಗಳಿಗೆಯಲ್ಲಿ ಸಾಲುವುದಿಲ್ಲ. ಆದ್ದರಿಂದ ಫುಲ್ ಲೋಡ್ ಟೆಸ್ಟ್ ಪಾಸಾಯಿತೆಂದು ಕುಣಿಯಬೇಡಿ. ಬೇಕಾದದ್ದು ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್. ಪ್ರೈಮ್95 ಎಸ್‌ಎಸ್‌ಇ, ಹ್ಯೂಜ್ ಎಫ್‌ಎಫ್‌ಟಿ, ಒಂದೊಂದು ಕೋರ್‌ಗೆ 20 ನಿಮಿಷ. ಒಂದು ಸುತ್ತಿಗೆ ಸುಮಾರು ಎರಡು ಮುಕ್ಕಾಲು ಗಂಟೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಯಾವ ಕೋರ್ ಬಿತ್ತು ಎಂದು ಲಾಗ್ ಹೇಳುತ್ತದೆ.

ಸಿಸ್ಟಮ್ಮೇ ರೀಸ್ಟಾರ್ಟ್ ಆಗಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂಯರ್‌ನಲ್ಲಿ ವೀಯಾ-ಲಾಗರ್ (WHEA-Logger, ಹಾರ್ಡ್‌ವೇರ್ ಎರರ್ ದಾಖಲೆ) ಐಡಿ 18 ಹುಡುಕಿ. ಅದರೊಳಗೆ ಪ್ರೊಸೆಸರ್ ಎಪಿಐಸಿ ಐಡಿ ಎಂದು ಒಂದು ಅಂಕಿ ಇರುತ್ತದೆ, ಎರಡರಿಂದ ಭಾಗಿಸಿ. ಆ ಅಂಕಿ 6 ಅಥವಾ 7 ಇದ್ದರೆ ಕೋರ್ 3 (ಎಣಿಕೆ ಸೊನ್ನೆಯಿಂದ). ಆ ಕೋರ್ ಒಂದಕ್ಕೇ ಮೂರು ಅಂಕಿ ವಾಪಸ್ ಕೊಡಿ, ಮತ್ತೆ ಹಚ್ಚಿ. ನನಗೆ ಹದಿನೈದು ರಾತ್ರಿಗಳಾದರೂ ಹಿಡಿದಿರಬೇಕು. ಕೊನೆಗೆ ನಿಂತದ್ದು: ಎರಡು ಬೆಸ್ಟ್ ಕೋರ್‌ಗಳಿಗೆ (ಎಲ್ಲಕ್ಕಿಂತ ಹೆಚ್ಚು ಕ್ಲಾಕ್ ಮುಟ್ಟುವವು) -8 ಮತ್ತು -12, ಉಳಿದ ಆರಕ್ಕೆ -22ರಿಂದ -28. ಬೆಸ್ಟ್ ಕೋರ್ ಎಂದರೆ ಹೆಚ್ಚು ಇಳಿಸಬಹುದು ಎಂದು ಹಲವರು ತಿಳಿಯುತ್ತಾರೆ, ಆಗುವುದು ಉಲ್ಟಾ. ಫ್ಯಾಕ್ಟರಿಯೇ ಅವುಗಳಿಗೆ ಕಡಿಮೆ ವೋಲ್ಟೇಜ್ ಬರೆದಿರುತ್ತದೆ, ಇಳಿಸಲು ಜಾಗವೇ ಉಳಿದಿರುವುದಿಲ್ಲ.

ಚಿಪ್ಪಿನ ಕ್ಲಾಕ್, ಶಾಖ ತೋರಿಸುವ ಹೆಚ್‌ಡಬ್ಲ್ಯೂಇನ್ಫೋದಲ್ಲಿ ಕೋರ್ ಕ್ಲಾಕ್ ನೋಡಿ ಖುಷಿಪಡುವುದೂ ತಪ್ಪು. ಅದರ ಕೆಳಗಿನ ಎಫೆಕ್ಟಿವ್ ಕ್ಲಾಕ್ ನೋಡಿ. ವೋಲ್ಟೇಜ್ ಸಾಲದಾಗ ಚಿಪ್ ಹ್ಯಾಂಗ್ ಆಗದೆ ಕ್ಲಾಕಿನ ಬಡಿತವನ್ನು ಹಿಗ್ಗಿಸಿ ನಿಧಾನವಾಗಿಬಿಡುತ್ತದೆ, ತೋರಿಸುವುದು 4.85, ನಿಜಕ್ಕೂ ಓಡುವುದು 4.7. ಪೂರ್ತಿ ಲೋಡಿನಲ್ಲಿ ಎರಡಕ್ಕೂ 30-40 ಮೆಗಾಹರ್ಟ್ಸ್‌ಗಿಂತ ಹೆಚ್ಚು ಅಂತರ ಬಂದರೆ ನಾನು ಆ ಸೆಟ್ಟಿಂಗ್ ಬಿಟ್ಟುಬಿಡುತ್ತೇನೆ, ಶಾಖ ಎಷ್ಟೇ ಚೆನ್ನಾಗಿರಲಿ.

ಕ್ಯಾಬಿನೆಟ್ ವಿಷಯ ಇಲ್ಲಿಯೇ ಹೇಳಬೇಕು. ಮುಂದೆ ಗಾಜು ಇರುವ ಡಬ್ಬಿ ನನ್ನದು, ಗಾಳಿ ಬರುವುದು ಪಕ್ಕದ ಒಂದು ಬೆರಳು ಸಂದಿಯಿಂದ. ಗಾಜು ತೆಗೆದ ಕೂಡಲೇ 5 ಡಿಗ್ರಿ ಇಳಿಯಿತು. ಆದರೆ ನಮ್ಮ ಬೇಸಿಗೆ ಧೂಳಿಗೆ ತೆರೆದಿಟ್ಟರೆ ಹದಿನೈದು ದಿನಕ್ಕೆ ಫಿನ್ ನಡುವೆ ಹತ್ತಿಯ ಹಾಗೆ ಕಟ್ಟುತ್ತದೆ. ನೈಲಾನ್ ಸೊಳ್ಳೆ ಜಾಲಿ ಅರ್ಧ ಮೀಟರ್ ತಂದು, ಮ್ಯಾಗ್ನೆಟ್ ಪಟ್ಟಿ ಅಂಟಿಸಿ ಮುಂದೆ ಕೂರಿಸಿದೆ, ಎಲ್ಲ ಸೇರಿ ₹100ರೊಳಗೆ. ಎರಡು ಪದರ ಹಾಕಿ ನೋಡಿದೆ, 3 ಡಿಗ್ರಿ ವಾಪಸ್ ಏರಿತು. ಒಂದೇ ಪದರ ಸಾಕು, ಎರಡು ವಾರಕ್ಕೊಮ್ಮೆ ತೊಳೆಯಿರಿ. ಮುಂದೆ 120 ಎಂಎಂ ಫ್ಯಾನ್ ಎರಡು, ಹಿಂದೆ ಒಂದು, ಮೂರಕ್ಕೆ ₹1,500 ಆದ ನೆನಪು. ಡೆಸರ್ಟ್ ಕೂಲರ್ ಹಚ್ಚಿದರೆ ರೂಮು 31ಕ್ಕೆ ಬರುತ್ತದೆ, ಸಿಪಿಯುವೂ ಅಷ್ಟೇ ಇಳಿಯುತ್ತದೆ. ಅದರ ಗಾಳಿ ನೇರ ಕ್ಯಾಬಿನೆಟ್‌ಗೆ ಬಡಿಯದಂತೆ ತಿರುಗಿಸಿಡಿ. ಹುಲ್ಲು ಹೆಚ್ಚು ನೆನೆದ ದಿನ ಹನಿಗಳು ಹಾರಿ ಬರುತ್ತವೆ.

ರ್‍ಯಾಮ್ ಕಡೆ ಒಂದು ಪ್ರಯೋಗ ಮಾಡಿದೆ. 3600 ಕಿಟ್, ಎಫ್‌ಕ್ಲಾಕ್ (ಚಿಪ್ಪಿನ ಒಳಭಾಗಗಳನ್ನು ಜೋಡಿಸುವ ದಾರಿಯ ವೇಗ) 1800, ಒಂದಕ್ಕೊಂದು ಅನುಪಾತದಲ್ಲಿ ಚೆನ್ನಾಗಿಯೇ ಇತ್ತು. 1900ಕ್ಕೆ ಏರಿಸಿದೆ, ಬೂಟ್ ಆಯಿತು, ಸ್ಕೋರೂ ಬಂತು. ಆದರೆ ವೀಯಾ 19 ಎರರ್‌ಗಳು ಮಳೆಯಂತೆ ಸುರಿದವು. ಎಸ್‌ಓಸಿ (ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜ್ 1.1ರಿಂದ 1.15ಕ್ಕೆ ಏರಿಸಿದರೂ ನಿಲ್ಲಲಿಲ್ಲ. ವಾಪಸ್ 1800. ಒಂದು ಮಾತು: ಕರ್ವ್ ಕೆಲಸ ಮುಗಿಯುವವರೆಗೆ ರ್‍ಯಾಮನ್ನು ಸ್ಟಾಕ್‌ನಲ್ಲೇ ಇಡಿ. ಎರಡನ್ನೂ ಒಟ್ಟಿಗೆ ಕೆದಕಿದರೆ ಯಾವುದು ಕೆಡಿಸಿತು ಎಂದು ಹುಡುಕುವುದರಲ್ಲೇ ತಿಂಗಳು ಕಳೆಯುತ್ತದೆ.

ಬಯಾಸ್ ಅಪ್‌ಡೇಟ್ ಮಾಡುವುದಿದ್ದರೆ ಯುಪಿಎಸ್ ಬ್ಯಾಟರಿ ಚೆನ್ನಾಗಿದೆಯೇ ನೋಡಿಕೊಂಡೇ ಮಾಡಿ, ಮಧ್ಯಾಹ್ನದ ಕರೆಂಟ್ ನಂಬಬೇಡಿ. ಅಪ್‌ಡೇಟ್ ಆದರೆ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಹಳೇ ಪ್ರೊಫೈಲ್ ಫೈಲನ್ನು ಹೊಸ ಬಯಾಸ್ ಒಪ್ಪದೇ ಇರಬಹುದು. ಕರ್ವ್ ಪುಟದ ಫೋಟೊ ಫೋನಿನಲ್ಲಿ ಇರಲಿ.

ಗೋಡೆಯ ಮೀಟರ್‌ನಲ್ಲಿ ರೆಂಡರ್ ಹೊತ್ತಿಗೆ 40-45 ವ್ಯಾಟ್ ಇಳಿದಿದೆ. ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ ಹತ್ತು ಯೂನಿಟ್, ಹೆಚ್ಚೇನಲ್ಲ. ಆದರೆ ಆ 40 ವ್ಯಾಟ್ ರೂಮಿಗೂ ಸೇರುತ್ತಿಲ್ಲ ಎನ್ನುವುದು ಮೇ ತಿಂಗಳಲ್ಲಿ ಗೊತ್ತಾಗುತ್ತದೆ.

ಎಲ್ಲ ನಿಂತ ಮೇಲೆ ಓವರ್‌ರೈಡ್ +50 ಕೊಟ್ಟೆ, ಸಿಂಗಲ್ ಕೋರ್ 4.9 ಮುಟ್ಟಿತು. ಬೇಸಿಗೆಯಿಡೀ ಒಂದು ಎರರ್ ಇಲ್ಲ. ಡಿಸೆಂಬರ್‌ನಲ್ಲಿ ರೂಮು 22ಕ್ಕೆ ಇಳಿದಾಗ ಮತ್ತೆ ಎರಡು ರೀಸ್ಟಾರ್ಟ್. ಚಿಪ್ ತಣ್ಣಗಿದ್ದಷ್ಟೂ ಮೇಲಿನ ಕ್ಲಾಕಿಗೆ ಹೆಚ್ಚು ಸಲ ಜಿಗಿಯುತ್ತದೆ, ಬೇಸಿಗೆಯಲ್ಲಿ ಆ ತುದಿಗೆ ಅಷ್ಟಾಗಿ ಹೋಗಿರಲೇ ಇಲ್ಲ. ಎಪಿಐಸಿ ಐಡಿ ನೋಡಿದರೆ ಎರಡೂ ಬೆಸ್ಟ್ ಕೋರ್‌ಗಳೇ. -8 ಇದ್ದದ್ದನ್ನು -5ಕ್ಕೆ, -12 ಇದ್ದದ್ದನ್ನು -9ಕ್ಕೆ ತಂದೆ. ಅಲ್ಲಿಂದ ಈಚೆಗೆ ಆ ಪುಟ ಮುಟ್ಟಿಲ್ಲ.