ಸುಮ್ಮನಿರಲು ಕಲಿತ ಕೈಗಳು: ನೀರಿನೊಳಗಿನ ಹೆರಿಗೆಯಲ್ಲಿ ನನ್ನ ಅನುಭವ

ನಮ್ಮ ಊರಿನಲ್ಲಿ ಬಾಣಂತಿಯನ್ನು ನೋಡಲು ಬಂದ ಹೆಂಗಸರು ಮಗುವಿನ ಮುಖ ನೋಡಿದ ಮೇಲೆ ಅವಳ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಹೊಲಿಗೆ ಬಿತ್ತು?" ಹೊಲಿಗೆ ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ಬಿದ್ದೇ ಇರುತ್ತದೆ ಎಂಬ ಖಾತರಿ ಅವರಿಗೆ. ಕರ್ನಾಟಕದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಐದು ವರ್ಷ ನರ್ಸ್ ಆಗಿ ದುಡಿದ ನನಗೂ ಆ ಖಾತರಿ ಇತ್ತು. ಚೊಚ್ಚಲ ಹೆರಿಗೆ ಎಂದರೆ, ಮಗು ಬರುವ ದಾರಿ ಅಗಲವಾಗಲೆಂದು ಯೋನಿಯ ಬಾಯಿಗೆ ಕತ್ತರಿ ಹಾಕುವುದೇ ಅಲ್ಲಿ ರೂಢಿ. ಬಸಿರಿಯನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಮೇಲೆತ್ತಿ, ನಾಲ್ಕು ಜನ ಸುತ್ತ ನಿಂತು "ಮುಕ್ಕಮ್ಮ, ಮುಕ್ಕು, ಉಸಿರು ಬಿಡಬೇಡ" ಎಂದು ಕೂಗುತ್ತಿದ್ದೆವು. ಹಾಗೆ ಕೂಗುವುದೇ ಸಹಾಯ ಎಂದು ನಾನು ಮನಸಾರೆ ನಂಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಎಲ್ಲರಿಗೂ ವಾಡಿಕೆಯಾಗಿ ಕತ್ತರಿ ಹಾಕುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿದಾಗ ನಾನು ಆ ವಾರ್ಡನ್ನು ಬಿಟ್ಟಾಗಿತ್ತು.

ಈಗ ನಾನು ಇಂಗ್ಲೆಂಡಿನಲ್ಲಿ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ನರ್ಸ್ ಆಗಿ ನೋಂದಾಯಿಸಿಕೊಂಡವರಿಗೆಂದು ಇರುವ ಕಿರು ಅವಧಿಯ ಕೋರ್ಸ್ ಮುಗಿಸಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಹೆರಿಗೆ ಕೇಂದ್ರವೊಂದನ್ನು ಸೇರಿದೆ. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವವರು ಮಿಡ್‌ವೈಫ್‌ಗಳೇ. ತೊಡಕಿಲ್ಲದ ಬಸಿರಿಯರಷ್ಟೇ ಬರುತ್ತಾರೆ, ಹೆಚ್ಚಿನವರು ಬೆಚ್ಚಗಿನ ನೀರಿನ ತೊಟ್ಟಿಯನ್ನು ಕೇಳಿಯೇ ಬರುತ್ತಾರೆ. ಫ್ರಾನ್ಸಿನ ಪಿಥಿವಿಯೇ ಎಂಬ ಸಣ್ಣ ಊರಿನಲ್ಲಿ ವೈದ್ಯ ಮಿಷೆಲ್ ಒಡಾನ್ ನೋವು ತಗ್ಗಿಸಲೆಂದು ತೊಟ್ಟಿ ಇಟ್ಟರು. ಕೆಲವರು ಅದರಿಂದ ಎದ್ದು ಬರಲು ಮನಸ್ಸಾಗದೆ ಅಲ್ಲಿಯೇ ಹೆತ್ತರು. ಅಂಥ ನೂರು ಹೆರಿಗೆಗಳ ವಿವರವನ್ನು ಅವರು 1983ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1992ರಲ್ಲಿ ಬ್ರಿಟನ್ ಸಂಸತ್ತಿನ ಆರೋಗ್ಯ ಸಮಿತಿ, ಸಾಧ್ಯವಿರುವ ಕಡೆಗಳಲ್ಲಿ ತಾಯಂದಿರಿಗೆ ತೊಟ್ಟಿಯ ಆಯ್ಕೆಯೂ ಇರಬೇಕೆಂದು ಶಿಫಾರಸು ಮಾಡಿತು. ಇಲ್ಲಿ ಅದು ಮಾಮೂಲಾಗಿ ಹೋಗಿರುವುದು ಹೀಗೆ.

ನೀರಿನಲ್ಲಿ ಹೆತ್ತರೆ ಯೋನಿಯ ಬಾಯಿಯ ಸುತ್ತಲಿನ ಚರ್ಮ ಹರಿಯುವುದಿಲ್ಲ ಎಂದು ನಂಬಿ ಬರುವವರು ಬಹಳ. ಅವರಿಗೆ ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಚೊಚ್ಚಲ ಹೆರಿಗೆ ಸಹಜವಾಗಿ ಆದಾಗ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಯಾವುದಾದರೂ ಬಗೆಯ ತರಚು, ಸೀಳು ಅಥವಾ ಕತ್ತರಿಯ ಗಾಯ ಆಗಬಹುದು ಎಂದು ಇಲ್ಲಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜೇ ಹೇಳುತ್ತದೆ. ಚರ್ಮ ಮಾತ್ರ ಹರಿದರೆ ಮೊದಲನೇ ಹಂತ, ಅದರಡಿಯ ಸ್ನಾಯುವೂ ಹರಿದರೆ ಎರಡನೆಯದು. ನಾನು ಹೆದರುವುದು ಮೂರು ಮತ್ತು ನಾಲ್ಕನೆಯದಕ್ಕೆ. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನವರೆಗೆ, ಕೆಲವೊಮ್ಮೆ ಗುದನಾಳದ ಒಳಪೊರೆಯವರೆಗೆ ಸೀಳು ಹೋಗಿಬಿಡುತ್ತದೆ. ಅಂಥವರಲ್ಲಿ ಕೆಲವರಿಗೆ ಮುಂದೆ ಗಾಳಿಯನ್ನೋ ಮಲವನ್ನೋ ತಡೆಹಿಡಿಯುವುದೇ ಕಷ್ಟವಾಗುತ್ತದೆ. ಇದನ್ನು ನಮ್ಮ ಹೆಂಗಸರು ಗಂಡನ ಬಳಿಯೂ ಹೇಳಿಕೊಳ್ಳದೆ ವರ್ಷಗಟ್ಟಲೆ ನುಂಗುತ್ತಾರೆ. ಇಂಥ ಸೀಳಿನ ಅಪಾಯ ಹೆಚ್ಚಿರುವವರ ಪಟ್ಟಿಯಲ್ಲಿ ಮೊದಲ ಹೆರಿಗೆಯವರು ಮತ್ತು ನಾಲ್ಕು ಕಿಲೋ ಮೀರಿದ ಮಗುವನ್ನು ಹೆರುವವರ ಜೊತೆ ಏಷ್ಯಾ ಮೂಲದ ಹೆಂಗಸರೂ ಇದ್ದಾರೆ. ಕನ್ನಡ ಮಾತನಾಡುವ ಬಸಿರಿಯೊಬ್ಬಳು ಬಾಗಿಲು ದಾಟಿ ಒಳಗೆ ಬಂದಾಗಲೆಲ್ಲ ಆ ಪಟ್ಟಿ ನನ್ನ ಕಣ್ಣ ಮುಂದೆ ಬರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ 26 ಎನ್‌ಎಚ್‌ಎಸ್ ಸಂಸ್ಥೆಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ 'ಪೂಲ್' ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನೀರಿನಲ್ಲಿಯೇ ಹೆತ್ತ ಚೊಚ್ಚಲು ತಾಯಂದಿರಲ್ಲಿ ಇಂಥ ತೀವ್ರ ಸೀಳು ಶೇ 4.8, ಬೇನೆಯನ್ನು ನೀರಿನಲ್ಲಿ ಕಳೆದು, ಹೆರುವ ಹೊತ್ತಿಗೆ ಹೊರಬಂದವರಲ್ಲಿ ಶೇ 5.3. ಮೊದಲೇ ಹೆತ್ತವರಲ್ಲಿ ಕ್ರಮವಾಗಿ 1.1 ಮತ್ತು 1.7. ನೀರು ಹಾನಿ ಮಾಡುವುದಿಲ್ಲ ಎಂಬ ಧೈರ್ಯ ಇದರಿಂದ ಬಂತು. ಆದರೆ ನೀರಷ್ಟೇ ಕಾಪಾಡುತ್ತದೆ ಎನ್ನಲು ಈ ಅಂತರ ಸಾಲದು. ತಲೆ ಹೊರಬರುವ ಕೊನೆಯ ಹತ್ತು ಹದಿನೈದು ನಿಮಿಷ ಹೇಗೆ ಕಳೆಯುತ್ತದೆ ಎಂಬುದರ ಮೇಲೆಯೇ ಬಹಳಷ್ಟು ನಿಂತಿದೆ ಎನ್ನುವುದು ನಾನು ಕಂಡುಕೊಂಡದ್ದು. ಕಂಡುಕೊಂಡದ್ದು ಒಂದು ತಪ್ಪಿನಿಂದ.

ಮಿಡ್‌ವೈಫ್ ಆದ ಎರಡನೇ ವರ್ಷ. ಮೊದಲ ಬಸಿರು, ತೊಟ್ಟಿಯಲ್ಲಿ ಎಲ್ಲವೂ ಚೆನ್ನಾಗಿ ಸಾಗುತ್ತಿತ್ತು. ಮಗುವಿನ ತಲೆಯ ಅಗಲವಾದ ಭಾಗ ಯೋನಿಯ ಬಾಯಿಗೆ ಬಂದು ನಿಂತಿತು. ಅವಳು ಮುಖ ಹಿಂಡಿ ನನ್ನನ್ನು ನೋಡಿದಳು. ಆ ಕ್ಷಣದಲ್ಲಿ ನನ್ನೊಳಗಿನ ಹಳೆಯ ವಾರ್ಡ್ ಎದ್ದು ಕುಳಿತಿತು. "ಇನ್ನೊಂದು ಸಲ ಜೋರಾಗಿ ಮುಕ್ಕಿ, ಮುಗಿಯಿತು" ಎಂದೆ. ಮಗು ಒಂದೇ ನೋವಿಗೆ ತಲೆ, ಭುಜ ಎಲ್ಲ ಒಟ್ಟಿಗೆ ಹೊರಬಂತು. ಮೂರನೇ ಹಂತದ ಸೀಳು. ಆಪರೇಷನ್ ಥಿಯೇಟರಿಗೆ ಒಯ್ದು ಹೊಲಿಯಬೇಕಾಯಿತು. ಮರುದಿನ ಹೋಗಿ ಮಾತನಾಡಿಸಿದಾಗ ಅವಳು ಕೋಪವಿಲ್ಲದೆ ಹೇಳಿದಳು: "ನೀವು ಮುಕ್ಕಲು ಹೇಳಿದಿರಿ, ನಾನು ಮುಕ್ಕಿದೆ." ಹಾಗೆ ಹೇಳದಿದ್ದರೂ ಹರಿಯುತ್ತಿತ್ತೇನೋ. ಆದರೂ ಆ ಮಾತನ್ನು ನಾನು ಇವತ್ತಿಗೂ ಹೊತ್ತುಕೊಂಡೇ ತೊಟ್ಟಿಯ ಪಕ್ಕ ಮಂಡಿಯೂರುತ್ತೇನೆ.

ದಡದ ಮೇಲಿನ ಹೆರಿಗೆಯಲ್ಲಿ ಕೈಗೆ ಕೆಲಸವಿದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗಕ್ಕೆ ಒತ್ತಿ ಹಿಡಿಯಬಹುದು. ಅದರಿಂದ ತೀವ್ರ ಸೀಳು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಒಂದು ಕೈಯಲ್ಲಿ ಆ ಜಾಗಕ್ಕೆ ಆಸರೆ ಕೊಟ್ಟು ಇನ್ನೊಂದರಲ್ಲಿ ತಲೆಯ ವೇಗ ತಡೆಯಬಹುದು. ನೀರಿನಲ್ಲಿ ಇದಾವುದೂ ಇಲ್ಲ. ಬಟ್ಟೆಯ ಕೆಲಸವನ್ನು ನೀರಿನ ಬಿಸಿಯೇ ಮಾಡುತ್ತದೆ. ಕೈ ಹಾಕಿ ತಲೆಯನ್ನು ಮುಟ್ಟಿದರೆ ಮಗುವಿಗೆ ಉಸಿರೆಳೆಯುವ ಪ್ರಚೋದನೆಯಾಗಬಹುದು ಎಂಬ ಎಚ್ಚರಿಕೆಯಿಂದ ನಾವು ಮುಟ್ಟುವುದಿಲ್ಲ. ಕತ್ತರಿ ಹಾಕುವ ಮಾತಂತೂ ನೀರಿನಲ್ಲಿ ಇಲ್ಲವೇ ಇಲ್ಲ. ಉಳಿಯುವುದು ನನ್ನ ಕಣ್ಣು, ನನ್ನ ದನಿ, ಮತ್ತು ತಾಯಿಯ ಸ್ವಂತ ಕೈ.

ತಯಾರಿ ತೊಟ್ಟಿಗೆ ಇಳಿಯುವ ಐದಾರು ವಾರ ಮುಂಚೆಯೇ ಶುರು. 34, 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ ಆ ಜಾಗವನ್ನು ನೀವಿಕೊಳ್ಳಲು ಹೇಳುತ್ತೇನೆ. ಮೊದಲ ಸಹಜ ಹೆರಿಗೆಯವರಲ್ಲಿ ಇದರಿಂದ ಹೊಲಿಗೆ ಬೇಕಾಗುವ ಗಾಯ ಕಡಿಮೆಯಾಗುತ್ತದೆ. ಕೈ ತೊಳೆದು, ಉಗುರು ಕತ್ತರಿಸಿ, ಸುವಾಸನೆ ಬೆರೆಸದ ಎಣ್ಣೆ ಹಚ್ಚಿಕೊಂಡು, ಹೆಬ್ಬೆರಳನ್ನು ಮೂರು ನಾಲ್ಕು ಸೆಂಟಿಮೀಟರಿನಷ್ಟು ಒಳಗಿಟ್ಟು ಗುದದ್ವಾರದ ಕಡೆಗೆ ಒತ್ತಬೇಕು. ಬಳಿಕ ಕುದುರೆಯ ಲಾಳದ ಆಕಾರದಲ್ಲಿ ಎರಡು ಬದಿಗೂ ಎಳೆಯುತ್ತ ಐದು ನಿಮಿಷ. ಸ್ವಲ್ಪ ಉರಿಯಬೇಕು, ನೋಯಬಾರದು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಆ ಉರಿಯ ಪರಿಚಯವೇ. ತಲೆ ಬಂದು ನಿಂತಾಗ ಬರುವುದೂ ಅದೇ ಉರಿ. ಗೊತ್ತಿರುವವಳು ಗಾಬರಿಯಾಗಿ ಮುಕ್ಕಿಬಿಡುವುದಿಲ್ಲ. ನೀರು ಒಡೆದಿದ್ದರೆ, ಸೋಂಕಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಿದ್ದರೆ ಇದನ್ನು ಮಾಡಲೇಬಾರದು.

ಹಾಸನದ ಕಡೆಯ ಒಬ್ಬಳ ಹೆರಿಗೆಯ ಬಗ್ಗೆ ಅವಳ ಒಪ್ಪಿಗೆಯಿಂದಲೇ, ಗುರುತು ಸಿಗದಷ್ಟು ಬದಲಿಸಿ ಬರೆಯುತ್ತಿದ್ದೇನೆ. ಚೊಚ್ಚಲು. ಬಾಣಂತನಕ್ಕೆ ತಾಯಿ ಬಂದಿದ್ದರು, ಪೆಟ್ಟಿಗೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ತಂದಿದ್ದರು. ಮಗಳು ಅದರಲ್ಲಿಯೇ ನೀವಿಕೊಂಡಳು. ಆ ತಾಯಿಗೆ ತೊಟ್ಟಿಯ ಮೇಲೆ ನಂಬಿಕೆಯಿರಲಿಲ್ಲ. "ನೋಡಮ್ಮ, ನೀರಿನಲ್ಲಿ ಮಗು ಉಸಿರು ಹೇಗೆ ತೆಗೆದುಕೊಳ್ಳುತ್ತದೆ?" ಎಂದು ಕೇಳಿದರು. "ತೆಗೆದುಕೊಳ್ಳುವುದಿಲ್ಲ, ಅಮ್ಮ. ಮುಖಕ್ಕೆ ಗಾಳಿ ತಾಗುವವರೆಗೂ ಹೊಕ್ಕುಳಬಳ್ಳಿಯೇ ಅದಕ್ಕೆ ಉಸಿರು. ಅದಕ್ಕೇ ಐದೈದು ನಿಮಿಷಕ್ಕೆ ಎದೆಬಡಿತ ಕೇಳುತ್ತೇನೆ. ಸ್ವಲ್ಪ ವ್ಯತ್ಯಾಸ ಕಂಡರೂ ಹೊರಗೆ ಕರೆದುಕೊಳ್ಳುತ್ತೇನೆ" ಎಂದೆ. ಈ ಷರತ್ತನ್ನು ಮಗಳಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಎದ್ದೇಳು ಎಂದರೆ ಏಕೆ ಎಂದು ಕೇಳದೆ ಏಳಬೇಕು.

ರಾತ್ರಿ ಎರಡರ ಸುಮಾರಿಗೆ ಅವಳಿಗೆ ತಾನಾಗಿಯೇ ಮುಕ್ಕು ಬರಲು ತೊಡಗಿತು. ನೀರು 37 ಡಿಗ್ರಿಯ ಆಸುಪಾಸಿನಲ್ಲಿತ್ತು, 37.5 ದಾಟಬಾರದು, ಗಂಟೆಗೊಮ್ಮೆ ಅಳೆಯುತ್ತೇವೆ. ತೊಟ್ಟಿಯಲ್ಲಿ ಮಂಡಿಯೂರಿ, ಅಂಚಿನ ಮೇಲೆ ಎದೆಯಿಟ್ಟು ಒರಗಿದ್ದಳು. ನನಗೆ ಅತ್ಯಂತ ಇಷ್ಟದ ಭಂಗಿ ಅದು. ಬೆನ್ನೆಲುಬಿನ ತುದಿಗೆ ಹಿಂದೆ ಸರಿಯಲು ಜಾಗವಿರುತ್ತದೆ, ಭಾರವೆಲ್ಲ ಕೆಳಗೆ ಬಂದು ಒತ್ತುವುದಿಲ್ಲ. ಒಂದು ಸಣ್ಣ ವಿಷಯವನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ. ನೋವಿನ ರಭಸಕ್ಕೆ ಮೊಣಕಾಲುಗಳು ತೀರ ಅಗಲವಾಗಿ ಹೋದರೆ ಅಲ್ಲಿನ ಚರ್ಮ ತಮಟೆಯ ಹಾಗೆ ಬಿಗಿಯಾಗುತ್ತದೆ. ತಲೆ ಕಂಡಾಗ ಮೊಣಕಾಲುಗಳನ್ನು ಒಂದಿಷ್ಟು ಹತ್ತಿರ ತರಿಸಿದರೆ ಬಿಗಿ ಸಡಿಲುತ್ತದೆ. ಪುಸ್ತಕದಿಂದ ಕಲಿತದ್ದಲ್ಲ ಇದು, ಜೊತೆಯ ಹಿರಿಯ ಮಿಡ್‌ವೈಫ್ ತೋರಿಸಿಕೊಟ್ಟದ್ದು.

ದೀಪ ತಗ್ಗಿಸಿದ ಕೋಣೆ. ನೀರಿನೊಳಗೆ ಕನ್ನಡಿ ಹಿಡಿದು ಟಾರ್ಚ್ ಬೆಳಕಿನಲ್ಲಿ ನೋಡುತ್ತಿದ್ದೆ. ನೋವು ಬಂದಾಗ ತಲೆ ಮುಂದೆ ಬರುತ್ತಿತ್ತು, ಬಿಟ್ಟಾಗ ಹಿಂದೆ ಸರಿಯುತ್ತಿತ್ತು. ಈ ಹಿಂದೆ ಸರಿಯುವುದನ್ನು ಕಂಡು ಮನೆಯವರು ಕಂಗಾಲಾಗುತ್ತಾರೆ. ನಾನು ಅದನ್ನು ಹಬ್ಬದಂತೆ ನೋಡುತ್ತೇನೆ, ಏಕೆಂದರೆ ಹಿಂದೆ ಸರಿದಾಗಲೆಲ್ಲ ಅಲ್ಲಿಗೆ ಮತ್ತೆ ರಕ್ತ ಹರಿಯುತ್ತದೆ, ಮಾಂಸಖಂಡ ಹಿಗ್ಗುವುದನ್ನು ಕಲಿಯುತ್ತದೆ. ಆಮೇಲೊಂದು ನೋವಿಗೆ ತಲೆ ಬಂದು, ಹಿಂದೆ ಹೋಗದೆ ನಿಂತಿತು.

"ಅಕ್ಕಾ, ಉರಿಯುತ್ತಿದೆ, ತಡೆಯಲಾಗುತ್ತಿಲ್ಲ" ಎಂದಳು.

"ಗೊತ್ತು. ಎಣ್ಣೆ ನೀವುವಾಗ ಬಂದ ಉರಿಯೇ ಇದು. ಈಗ ಮುಕ್ಕಬೇಡ. ಕೈ ಕೆಳಗೆ ತಂದು ಮಗುವಿನ ತಲೆಯ ಮೇಲಿಡು. ಬಿಸಿ ಹಾಲು ಆರಿಸುವ ಹಾಗೆ ಊದು."

ಅವಳು ಊದಿದಳು. ದವಡೆ ಸಡಿಲಾಯಿತು. ಅವಳ ಅಂಗೈಯೇ ತಲೆಯ ವೇಗವನ್ನು ತಡೆಯಿತು; ನಾನು ಹಿಡಿದಿದ್ದರೂ ಅಷ್ಟು ಸರಿಯಾಗಿ ಹಿಡಿಯುತ್ತಿರಲಿಲ್ಲ, ಎಲ್ಲಿ ಎಷ್ಟು ಬಿಗಿಯಿದೆ ಎಂದು ಒಳಗಿನಿಂದ ತಿಳಿಯುವುದು ಅವಳೊಬ್ಬಳಿಗೆ. ಮೂರು ನೋವುಗಳಲ್ಲಿ ಹಣೆ, ಮೂಗು, ಗಲ್ಲ ಜಾರಿದವು.

ಇನ್ನು ಭುಜ ಬರಬೇಕು. ಆ ಅಜ್ಜಿ ನೀರಿನೊಳಗೆ ಮೊಮ್ಮಗುವಿನ ಮುಖವನ್ನು ಕಂಡು "ಎತ್ತಮ್ಮ, ಎತ್ತು!" ಎಂದು ನನ್ನ ತೋಳನ್ನೇ ಹಿಡಿದುಕೊಂಡರು. "ಅಮ್ಮ, ಇನ್ನೊಂದು ನೋವು ಬರಲಿ" ಎಂದು ಅವರ ಕೈ ಹಿಡಿದೆ. ತಲೆ ಬಂದಿತಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿನಲ್ಲಿ ಅವಸರಪಟ್ಟರೆ ಅಲ್ಲಿಯವರೆಗೆ ಹರಿಯದೆ ಉಳಿದಿದ್ದ ಆ ನಡುವಿನ ಜಾಗ ಭುಜಕ್ಕೆ ಸಿಕ್ಕಿ ಹರಿಯುತ್ತದೆ. ಎರಡು ನಿಮಿಷಕ್ಕೆ ನೋವು ಬಂತು. ಭುಜಗಳು ಒಂದಾದ ಮೇಲೊಂದು ಹೊರಳಿ ಬಂದವು. ಬಾರದಿದ್ದರೆ ಅವಳನ್ನು ಆ ಕ್ಷಣವೇ ಎಬ್ಬಿಸಲು ಇನ್ನೊಬ್ಬ ಮಿಡ್‌ವೈಫ್ ಪಕ್ಕದಲ್ಲಿ ಸಿದ್ಧಳಿದ್ದಳು. ಮಗುವನ್ನು ಅವಳ ಕಾಲುಗಳ ನಡುವಿನಿಂದ ಮುಂದಕ್ಕೆ ಸರಿಸಿ, ಮುಖ ಮೊದಲಾಗಿ ಮೇಲೆತ್ತಿದೆವು, ನಿಧಾನವಾಗಿ. ಬಳ್ಳಿ ಗಿಡ್ಡವಿದ್ದರೆ ಸೆಳೆತಕ್ಕೆ ತುಂಡಾಗುವುದುಂಟು. ಪೂಲ್ ಅಧ್ಯಯನದಲ್ಲಿ ನೀರಿನ ಹೆರಿಗೆಗಳಲ್ಲಿ ಶೇ 1ರಷ್ಟು, ಹೊರಗಿನವುಗಳಲ್ಲಿ ಶೇ 0.3ರಷ್ಟು ಹೀಗಾಗಿತ್ತು. ಬಳ್ಳಿಗೆ ಹಾಕುವ ಕ್ಲಿಪ್ ಆದ್ದರಿಂದ ಸದಾ ಕೈಗೆಟುಕುವಲ್ಲಿರುತ್ತದೆ. ಗಾಳಿಗೆ ಬಂದ ಮುಖವನ್ನು ಮತ್ತೆ ನೀರಿಗೆ ಇಳಿಸುವುದಿಲ್ಲ.

ಮಾಸು ಬೀಳುವ ಮೊದಲೇ ಅವಳನ್ನು ಹಾಸಿಗೆಗೆ ಕರೆತಂದೆ, ನೀರಿನಲ್ಲಿ ಎಷ್ಟು ರಕ್ತ ಹೋಯಿತೆಂದು ಅಂದಾಜು ಸಿಗುವುದಿಲ್ಲ. ಆಮೇಲೆ ಒಳ್ಳೆಯ ಬೆಳಕಿನಲ್ಲಿ, ಹೇಳಿ ಕೇಳಿ, ಗುದದ್ವಾರದೊಳಗೂ ಬೆರಳಿಟ್ಟು ಪರೀಕ್ಷಿಸಿದೆ. ಇದನ್ನು ನಾನು ಯಾರಿಗೂ ತಪ್ಪಿಸುವುದಿಲ್ಲ, ಮೇಲೆ ಏನೂ ಕಾಣದಿದ್ದರೂ ಒಳಗಿನ ಸ್ನಾಯು ಹರಿದಿರಬಹುದು. ಇವಳದು ಎರಡನೇ ಹಂತದ ಚಿಕ್ಕ ಸೀಳು. ನೀರಿನಲ್ಲಿ ನೆನೆದ ಚರ್ಮ ಮೆತ್ತಗಿರುತ್ತದೆ, ದಾರ ಸರಿಯಾಗಿ ಕೂರುವುದಿಲ್ಲ. ರಕ್ತ ಸುರಿಯುತ್ತಿಲ್ಲವಾದ್ದರಿಂದ ನಮ್ಮ ಕೇಂದ್ರದ ರೂಢಿಯಂತೆ ಸುಮಾರು ಒಂದು ಗಂಟೆ ಬಿಟ್ಟು, ಮಗು ಹಾಲು ಕುಡಿದ ಮೇಲೆ, ಮರಗಟ್ಟಿಸಿ ಹೊಲಿದೆ.

"ಎಷ್ಟು ಹೊಲಿಗೆ ಬಿತ್ತಮ್ಮ?" ಎಂದು ಅಜ್ಜಿ ಕೇಳಿದರು. ಒಂದೇ ದಾರದಲ್ಲಿ ಉದ್ದಕ್ಕೂ ಹೊಲಿಯುವುದರಿಂದ ಎಣಿಸಲು ಬರುವುದಿಲ್ಲ ಎಂದೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿನಲ್ಲಿ ತೋರಿಸಿದೆ. ಮನೆಗೆ ಹೊರಟಾಗ ಅವರಿಗೇ ಹೆಚ್ಚು ಮಾತು ಹೇಳಬೇಕಾಯಿತು. ಮೂತ್ರಕ್ಕೆ ಹೋದಾಗ ಉರಿಯದಂತೆ ಬೆಚ್ಚಗಿನ ನೀರು ಸುರಿದುಕೊಳ್ಳಲಿ, ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಲಿ, ಗಾಳಿ ತಡೆಯಲಾಗದಿದ್ದರೆ, ಕೀವು ವಾಸನೆ ಬಂದರೆ, ನೋವು ಹೆಚ್ಚಿದರೆ ಅದೇ ದಿನ ಫೋನ್ ಮಾಡಲಿ. ಎಲ್ಲಕ್ಕೂ ಅವರು ತಲೆಯಾಡಿಸಿದರು. ಬಾಣಂತಿಗೆ ನೀರು ಮಾತ್ರ ಕಡಿಮೆ ಕೊಡಬೇಕು ಎಂಬುದನ್ನು ಬಿಡಲು ಸಿದ್ಧರಿರಲಿಲ್ಲ. ನೀರಿಲ್ಲದೆ, ಸೊಪ್ಪು ತರಕಾರಿಯಿಲ್ಲದೆ ಮಲ ಗಟ್ಟಿಯಾಗಿ ತಿಣುಕಿದರೆ ನಾನು ಹಾಕಿದ ಹೊಲಿಗೆಯ ಮೇಲೆಯೇ ಒತ್ತಡ ಬೀಳುತ್ತದೆ ಎಂದು ಎರಡು ಸಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಜೀರಿಗೆ ಹಾಕಿ ಕಾಯಿಸಿದ ನೀರಾದರೆ ಎಷ್ಟು ಬೇಕಾದರೂ ಕೊಡುತ್ತೇನೆ" ಎಂದರು. ಅದೇ ಆಗಲಿ ಎಂದೆ.